ಹನಿಗೂಡಿಸೋರು ಯಾರು? ಹೊಂಗೆ ಬೀಜದಿಂದ ಕರಿದ ಎಣ್ಣೆವರೆಗೆ ಬಯೋಡೀಸೆಲ್ ಕತೆ

ಈ ಸಲದ ಮಾತು ನಾಗಪುರದಿಂದ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೋತೀವಿ ಅನ್ನೋರಿಗಾಗಿ, ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದೀನಿ.

ವಿಷಯ ಹುಟ್ಟಿದ್ದು ಹೈದರಾಬಾದಿನಲ್ಲಿರೋ ಗೆಳೆಯನೊಬ್ಬನ ಪ್ರಶ್ನೆಯಿಂದ. "ಗುರು, ನಾವು ಇಂಜಿನಿಯರಿಂಗ್ ಓದುವಾಗ ಹೊಂಗೆ ಎಣ್ಣೆಯಲ್ಲಿ ಬಸ್ಸು ಓಡುತ್ತೆ, ರೈತನ ಬದುವೇ ಡೀಸೆಲ್ ಬಂಕ್ ಆಗುತ್ತೆ ಅಂತ ಎಷ್ಟು ಹೇಳ್ತಿದ್ರು. ಅದೆಲ್ಲ ಎಲ್ಲಿ ಹೋಯ್ತು?"

ಒಳ್ಳೇ ಪ್ರಶ್ನೆ. ನಮ್ಮ ಕಾಲದ ಮೆಕ್ಯಾನಿಕಲ್ ಹುಡುಗರಲ್ಲಿ ಬಯೋಡೀಸೆಲ್ ಪ್ರಾಜೆಕ್ಟ್ ಮಾಡದೇ ಇದ್ದೋರು ಕಮ್ಮಿ. ಲ್ಯಾಬಿನಲ್ಲಿ ಒಂದು ಸಿಂಗಲ್ ಸಿಲಿಂಡರ್ ಇಂಜಿನ್, ಒಂದು ಕ್ಯಾನು ಹೊಂಗೆ ಎಣ್ಣೆ, ಶೇ. 20 ಬೆರಕೆಯ ಒಂದು ಗ್ರಾಫು, ಕೊನೆಗೆ "ಭವಿಷ್ಯದ ಇಂಧನ" ಅಂತ ಒಂದು ಸಾಲು. ಆಮೇಲೆ ಎಲ್ಲರೂ ಸಾಫ್ಟ್‌ವೇರಿಗೆ ಬಂದ್ವಿ. ಎಂ.ಟೆಕ್ ಮುಗಿಸಿ ನಾನೂ ಬಂದೆ. ಇಂಜಿನ್ ಅಲ್ಲೇ ಉಳೀತು. ಇವತ್ತು ದೇಶದಲ್ಲಿ ಮಾರೋ ಡೀಸೆಲ್‌ನಲ್ಲಿ ಬಯೋಡೀಸೆಲ್ ಪಾಲು ಶೇ. 1 ಕೂಡ ಇಲ್ಲ.

ಯಾಕೆ ಹೀಗಾಯ್ತು? ಇಂಜಿನ್ ಕೈ ಕೊಟ್ಟಿತಾ? ರಸಾಯನಶಾಸ್ತ್ರ ಕೈ ಕೊಟ್ಟಿತಾ? ಎರಡೂ ಅಲ್ಲ ಅಂತ ನನಗೆ ಖಾತ್ರಿಯಾಗಿದ್ದು ಬುಟಿಬೋರಿಯಲ್ಲಿ.

ಬುಟಿಬೋರಿಯ ಖರೀದಿ ಪುಸ್ತಕ

ಬುಟಿಬೋರಿ ನಾಗಪುರದ ದಕ್ಷಿಣಕ್ಕಿರೋ ದೊಡ್ಡ ಕೈಗಾರಿಕಾ ಪ್ರದೇಶ. ಮಹಾರಾಷ್ಟ್ರದ ಎಂಐಡಿಸಿ ಕಟ್ಟಿದ್ದು. ಪಾಲಿಯೆಸ್ಟರ್ ನೂಲು, ಟೈರು, ಉಕ್ಕು, ತಿಂಡಿ ಪದಾರ್ಥ ಎಲ್ಲಾ ಇದೆ. ಇದರ ಮಗ್ಗುಲಲ್ಲೇ ಹೋಗೋ ರಾಷ್ಟ್ರೀಯ ಹೆದ್ದಾರಿ 44 ಹೈದರಾಬಾದ್, ಕರ್ನೂಲು, ಅನಂತಪುರ ದಾಟಿ ಚಿಕ್ಕಬಳ್ಳಾಪುರದ ಮೇಲೆ ನಮ್ಮ ಹೆಬ್ಬಾಳಕ್ಕೇ ಬರುತ್ತೆ. ಊರಿನ ನೆನಪಾದಾಗ ಈ ರಸ್ತೆ ನೋಡೋದೇ ಒಂದು ಸಮಾಧಾನ. ನೋಡಿದಷ್ಟು ಹೊತ್ತೂ ಲಾರಿ, ಲಾರಿ, ಲಾರಿ. ಎಲ್ಲವೂ ಕುಡಿಯೋದು ಡೀಸೆಲ್.

ನಮ್ಮ ತಂಡ ಕಾರ್ಖಾನೆಗಳಿಗೆ ಟ್ಯಾಂಕ್ ಮಟ್ಟ, ವೇ ಬ್ರಿಡ್ಜ್ ತೂಕ, ಖರೀದಿ ಲೆಕ್ಕ ಹಿಡಿದಿಡೋ ಸಾಫ್ಟ್‌ವೇರ್ ಮಾಡಿಕೊಡುತ್ತೆ. ಹಾಗೆ ಇಲ್ಲಿನ ಒಂದು ಸಣ್ಣ ಬಯೋಡೀಸೆಲ್ ಘಟಕಕ್ಕೆ ಕೆಲ ವಾರ ಓಡಾಡಿದೆ. ಹೆಸರು ಬೇಡ. ರಿಯಾಕ್ಟರ್ ಭಾಗದ ಕೆಲಸ ಎರಡೇ ದಿನಕ್ಕೆ ಮುಗೀತು. ಉಷ್ಣತೆ ಇಷ್ಟು, ಸಮಯ ಇಷ್ಟು, ಮೆಥನಾಲ್ ಇಷ್ಟು, ಅಷ್ಟೇ. ವಾರಗಟ್ಟಲೆ ಹಿಡಿದಿದ್ದು ಖರೀದಿ ಭಾಗ. ಮಾರೋ ಕಡೆ ಹೆಸರುಗಳು ಬೆರಳೆಣಿಕೆ. ಕೊಳ್ಳೋ ಕಡೆ ಪುಟಗಟ್ಟಲೆ. ಕ್ಯಾಂಟೀನಿನವರು ಕೊಟ್ಟ 15 ಕೆ.ಜಿ. ಡಬ್ಬಿ, ಮದುವೆ ಅಡುಗೆ ಕಾಂಟ್ರಾಕ್ಟರ್ ಕಳಿಸಿದ ಅರ್ಧ ಡ್ರಮ್ಮು, ಎಣ್ಣೆ ಮಿಲ್ಲಿಂದ ಬಂದ ಆಸಿಡ್ ಆಯಿಲ್ ಟ್ಯಾಂಕರು, ತಾಳೆ ಎಣ್ಣೆಯ ಗಟ್ಟಿ ಭಾಗ. ಒಂದೊಂದರ ನೀರಿನಂಶ ಬೇರೆ, ಹುಳಿ ಬೇರೆ, ದರ ಬೇರೆ. ಅಲ್ಲಿನ ಮೇಲ್ವಿಚಾರಕರು ಹಿಂದಿಯಲ್ಲಿ ನಗ್ತಾ ಅಂದ್ರು: "ಸಾರ್, ಡೀಸೆಲ್ ಮಾಡೋದು ನಾಲ್ಕು ಗಂಟೆ ಕೆಲಸ, ಎಣ್ಣೆ ತರೋದು ಮೂವತ್ತು ದಿನದ ಕೆಲಸ."

ನಾನು ಇವತ್ತು ಹೇಳೋಕೆ ಹೊರಟಿರೋದು ಇದೇ ಮಾತು. ಬಯೋಡೀಸೆಲ್ ಇತಿಹಾಸವನ್ನ ನಾವು ಇಂಜಿನ್ನಿನ ಇತಿಹಾಸ ಅಂತ ಓದ್ತೀವಿ. ಅದು ನಿಜವಾಗಿ ಕೂಡಿಹಾಕುವಿಕೆಯ ಇತಿಹಾಸ. ಹನಿಗೂಡಿದರೆ ಹಳ್ಳ ಸರಿ. ಹನಿಗೂಡಿಸೋರು ಯಾರು?

ಆಗಸ್ಟ್ 10ರ ಸುಳ್ಳು, ಪ್ಯಾರಿಸ್ಸಿನ ನಿಜ

ಪ್ರತಿ ವರ್ಷ ಆಗಸ್ಟ್ 10ಕ್ಕೆ ವಿಶ್ವ ಜೈವಿಕ ಇಂಧನ ದಿನ ಆಚರಿಸ್ತಾರೆ. "1893ರ ಇದೇ ದಿನ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನ ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿದ" ಅಂತ ಭಾಷಣದಲ್ಲಿ, ವಾಟ್ಸಾಪ್ ಫಾರ್ವರ್ಡಲ್ಲಿ ಬರುತ್ತೆ. ಅವತ್ತು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೀಸೆಲ್‌ನ ಮೊದಲ ಮಾದರಿಯ ಪರೀಕ್ಷೆ ನಡೆದದ್ದು ಹೌದು. ಕಡಲೆಕಾಯಿ ಎಣ್ಣೆಗೂ ಅದಕ್ಕೂ ಸಂಬಂಧ ಇಲ್ಲ.

ಕಡಲೆಕಾಯಿ ಎಣ್ಣೆ ಬಂದಿದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಓಟೋ ಕಂಪನಿ ಅಲ್ಲಿಟ್ಟಿದ್ದ ಒಂದು ಸಣ್ಣ ಡೀಸೆಲ್ ಇಂಜಿನ್ ಅದರಲ್ಲಿ ಓಡಿತು. ಕೇಳಿದ್ದು ಫ್ರೆಂಚ್ ಸರ್ಕಾರ. ಫ್ರಾನ್ಸಿನ ಆಫ್ರಿಕಾ ವಸಾಹತುಗಳಲ್ಲಿ ಕಡಲೆಕಾಯಿ ಧಾರಾಳವಾಗಿ ಬೆಳೀತಿತ್ತು. ಕಲ್ಲಿದ್ದಲು, ಪೆಟ್ರೋಲಿಯಂ ಸಾಗಿಸೋ ತಲೆನೋವಿಲ್ಲದೆ ಅಲ್ಲಲ್ಲೇ ಬೆಳೆದ ಎಣ್ಣೆಯಲ್ಲಿ ಇಂಜಿನ್ ಓಡಿಸಬಹುದಾ ಅನ್ನೋದು ಅವರ ಲೆಕ್ಕ. ಅಂದ್ರೆ ಮೊದಲ ದಿನದಿಂದಲೂ ಪ್ರಶ್ನೆ ಇದ್ದದ್ದು "ಓಡುತ್ತಾ?" ಅನ್ನೋದಕ್ಕಿಂತ "ಎಣ್ಣೆ ಎಲ್ಲಿ ಸಿಗುತ್ತೆ, ಯಾರು ತರ್ತಾರೆ?" ಅನ್ನೋದು. 1912ರಲ್ಲಿ ಡೀಸೆಲ್ ಸ್ವತಃ, ಇವತ್ತು ಸಣ್ಣದಾಗಿ ಕಾಣೋ ಸಸ್ಯ ಎಣ್ಣೆ ಮುಂದೆ ಪೆಟ್ರೋಲಿಯಂನಷ್ಟೇ ಮುಖ್ಯ ಆಗಬಹುದು ಅನ್ನೋ ಅರ್ಥದ ಮಾತು ಹೇಳಿದ. ಮರುವರ್ಷವೇ ತೀರಿಕೊಂಡ. ಪೆಟ್ರೋಲಿಯಂ ಅಗ್ಗವಾಯ್ತು, ಇಂಜಿನ್ ಅದಕ್ಕೇ ಒಗ್ಗಿಕೊಂಡಿತು.

ಮೂರು ಹಗ್ಗ, ಒಂದು ಗೂಟ

ಇಲ್ಲಿ ಎರಡು ನಿಮಿಷ ರಸಾಯನಶಾಸ್ತ್ರ. ಭಯ ಬೇಡ.

ಹಸಿ ಸಸ್ಯ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜೆಕ್ಟರ್ ಅದನ್ನ ಸಣ್ಣ ತುಂತುರು ಮಾಡೋಕೆ ಒದ್ದಾಡುತ್ತೆ. ಸ್ವಲ್ಪ ದಿನ ಓಡುತ್ತೆ, ಆಮೇಲೆ ಮೂತಿಗೆ ಮಸಿ ಕಟ್ಟುತ್ತೆ, ಪಿಸ್ಟನ್ ರಿಂಗು ಅಂಟಿಕೊಳ್ಳುತ್ತೆ. ಯಾಕಂದ್ರೆ ಎಣ್ಣೆಯ ಒಂದು ಅಣು ಅಂದ್ರೆ ಒಂದು ಗೂಟಕ್ಕೆ ಕಟ್ಟಿದ ಮೂರು ಉದ್ದ ಹಗ್ಗ. ಗೂಟ ಗ್ಲಿಸರಿನ್, ಹಗ್ಗ ಕೊಬ್ಬಿನಾಮ್ಲ. ಹಗ್ಗಗಳನ್ನ ಗೂಟದಿಂದ ಬಿಚ್ಚಿ, ಒಂದೊಂದಕ್ಕೂ ಒಂದೊಂದು ಪುಟ್ಟ ಮೆಥನಾಲ್ ಕಟ್ಟಿದರೆ ಎಣ್ಣೆ ತೆಳ್ಳಗಾಗುತ್ತೆ. ಅದೇ ಬಯೋಡೀಸೆಲ್. ಕೆಳಗೆ ಗ್ಲಿಸರಿನ್ ಕೂರುತ್ತೆ. ಅಂದಾಜು ಲೆಕ್ಕ: 100 ಕೆ.ಜಿ. ಎಣ್ಣೆ, 11 ಕೆ.ಜಿ. ಮೆಥನಾಲ್, ಸ್ವಲ್ಪ ಕಾಸ್ಟಿಕ್, ಸುಮಾರು 60 ಡಿಗ್ರಿ ಬಿಸಿ. ಸಿಗೋದು 100 ಕೆ.ಜಿ. ಹತ್ತಿರ ಬಯೋಡೀಸೆಲ್, 10 ಕೆ.ಜಿ. ಹತ್ತಿರ ಗ್ಲಿಸರಿನ್.

ಇದೂ ಹೊಸದಲ್ಲ. 1937ರಲ್ಲೇ ಬ್ರಸೆಲ್ಸ್ ವಿಶ್ವವಿದ್ಯಾಲಯದ ಶಾವಾನ್ ಅನ್ನೋರು ಹೀಗೆ ಹಗ್ಗ ಬಿಚ್ಚಿದ ಎಣ್ಣೆಯನ್ನ ಇಂಧನವಾಗಿ ಬಳಸೋದಕ್ಕೆ ಬೆಲ್ಜಿಯಂನಲ್ಲಿ ಪೇಟೆಂಟ್ ಪಡೆದರು. 1938ರಲ್ಲಿ ಬ್ರಸೆಲ್ಸ್‌ನಿಂದ ಲೂವೆನ್‌ಗೆ ಹೋಗೋ ಒಂದು ಬಸ್ಸು ತಾಳೆ ಎಣ್ಣೆಯ ಬಯೋಡೀಸೆಲ್‌ನಲ್ಲಿ ಓಡಿತು. ಯುದ್ಧ ಬಂತು, ಯುದ್ಧ ಮುಗೀತು, ಮತ್ತೆ ಅಗ್ಗದ ಪೆಟ್ರೋಲಿಯಂ ಬಂತು.

ಕರಿದ ಎಣ್ಣೆಯಲ್ಲಿ ಮಾತ್ರ ಒಂದು ತೊಡಕು ಇದೆ. ಬೋಂಡಾ ಹಿಟ್ಟಿನ ನೀರು ಕಾದ ಎಣ್ಣೆಗೆ ಬಿದ್ದಾಗೆಲ್ಲ ಕೆಲ ಹಗ್ಗ ತಾವಾಗೇ ಬಿಚ್ಚಿಕೊಂಡು ಸಡಿಲವಾಗಿ ತೇಲ್ತಿರುತ್ತವೆ. ಇದಕ್ಕೆ ಕಾಸ್ಟಿಕ್ ಹಾಕಿದ್ರೆ ಬಯೋಡೀಸೆಲ್ ಬದಲು ಸಾಬೂನು ಆಗುತ್ತೆ. ಸಡಿಲ ಹಗ್ಗ ಶೇ. 2 ದಾಟಿದರೆ ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಅವನ್ನ ಮೆಥನಾಲ್‌ಗೆ ಕಟ್ಟಬೇಕು, ನೀರು ತೆಗೀಬೇಕು, ಆಮೇಲೆ ಕಾಸ್ಟಿಕ್. ಬುಟಿಬೋರಿಯಲ್ಲಿ ಡಬ್ಬಿ ಡಬ್ಬಿಗೂ ಹುಳಿ ಪರೀಕ್ಷೆ ಮಾಡ್ತಿದ್ದದ್ದು ಇದಕ್ಕೇ. ಕಷ್ಟ ಇದೆ, ಆದರೆ ಗೊತ್ತಿರೋ ಕಷ್ಟ. ನಾಗಪುರದಲ್ಲೇ 1942ರಲ್ಲಿ, ಡಿ. ಲಕ್ಷ್ಮೀನಾರಾಯಣ ಅನ್ನೋರು ಬಿಟ್ಟುಹೋದ ಆಸ್ತಿಯಿಂದ ಶುರುವಾದ ಲಕ್ಷ್ಮೀನಾರಾಯಣ ತಂತ್ರಜ್ಞಾನ ಸಂಸ್ಥೆ ಇದೆ. ಎಣ್ಣೆ ತಂತ್ರಜ್ಞಾನವನ್ನೇ ಒಂದು ಬೇರೆ ವಿಷಯವಾಗಿ ಕಲಿಸೋ ಕೆಲವೇ ಜಾಗಗಳಲ್ಲಿ ಅದೊಂದು. ಹತ್ತಿಬೀಜ, ಸೋಯಾ ಎಣ್ಣೆ ತೆಗೆಯೋ ವಿದರ್ಭಕ್ಕೆ ಆ ವಿದ್ಯೆ ಹೊಸದಲ್ಲ.

ನಮ್ಮ ಹೊಂಗೆ

ಈಗ ಊರಿಗೆ ಬರೋಣ. ಹೊಂಗೆ ನಮಗೆ ನೆರಳಿನ ಮರ. ವಿದರ್ಭದಲ್ಲಿ ಇದನ್ನ ಕರಂಜ ಅಂತಾರೆ. ನಮ್ಮ ಹಿಪ್ಪೆ ಇಲ್ಲಿ ಮೋಹ. ವಿದ್ಯುತ್ತು, ಸೀಮೆಎಣ್ಣೆ ಬರೋಕೆ ಮುಂಚೆ ಹಳ್ಳಿ ದೀಪಕ್ಕೆ ಹೊಂಗೆ ಎಣ್ಣೆ ಹಾಕ್ತಿದ್ದರು, ಹಿಂಡಿ ಹೊಲಕ್ಕೆ ಗೊಬ್ಬರವಾಗ್ತಿತ್ತು. ಸೀಮೆಎಣ್ಣೆ ಬಂದ ಮೇಲೆ ಬೀಜ ಆರಿಸೋ ಅಭ್ಯಾಸ ನಿಂತುಹೋಯ್ತು.

1990ರ ದಶಕದ ಕೊನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಈ ಮರೆತ ಎಣ್ಣೆಯನ್ನ ಮತ್ತೆ ಇಂಜಿನ್ನಿಗೆ ತಂದರು. 'ಸೂತ್ರ' ಅನ್ನೋ ಯೋಜನೆಯಲ್ಲಿ ಹಳ್ಳಿಗಳಲ್ಲಿ ಹೊಂಗೆ ಎಣ್ಣೆ ಹಾಕಿ ಜನರೇಟರ್ ಓಡಿಸಿ, ಬೋರ್‌ವೆಲ್ ನೀರೆತ್ತಿಸಿದರು. ದಾಂಡೇಲಿಯ ಒಂದು ಫೆರೋ ಅಲಾಯ್ ಕಾರ್ಖಾನೆಯೂ ತನ್ನ ಜನರೇಟರುಗಳಿಗೆ ಹೊಂಗೆ ಎಣ್ಣೆ ಹಾಕಿತು. ಗಮನಿಸಿ, ಇದು ಹಗ್ಗ ಬಿಚ್ಚಿದ ಬಯೋಡೀಸೆಲ್ ಅಲ್ಲ, ಶೋಧಿಸಿದ ಹಸಿ ಎಣ್ಣೆ. ಒಂದೇ ವೇಗದಲ್ಲಿ ಓಡೋ ದಪ್ಪ ಜನರೇಟರ್ ಇದನ್ನ ತಡೆದುಕೊಳ್ಳುತ್ತೆ, ಕಾರು ಲಾರಿಗಳದ್ದು ನಾಜೂಕು.

ಈ ಕೆಲಸದ ಬೆಲೆ ಏನಪ್ಪಾ ಅಂದ್ರೆ, ಎಣ್ಣೆ, ಹಿಂಡಿ, ನೀರು ಮೂರೂ ಅದೇ ಊರಲ್ಲಿ ಉಳೀತಿದ್ದವು. ಬೀಜ ಆರಿಸಿದೋರ ಕೈಗೇ ದುಡ್ಡು. ಸಾಗಿಸೋ ಮಾತೇ ಇಲ್ಲ.

ದೆಹಲಿಯ ಲೆಕ್ಕ, ಹಾಸನದ ಲೆಕ್ಕ

ಅಷ್ಟರಲ್ಲಿ ದೆಹಲಿಗೂ ಬಯೋಡೀಸೆಲ್ ಹುಚ್ಚು ಹಿಡೀತು. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲನ್ನ ಶೇ. 5 ಬಯೋಡೀಸೆಲ್ ಬೆರೆಸಿ ಓಡಿಸಿದರು. 2003ರಲ್ಲಿ ಯೋಜನಾ ಆಯೋಗದ ಸಮಿತಿ ವರದಿ ಬಂತು. ಜಟ್ರೋಫಾ, ಅಂದ್ರೆ ಕಾಡು ಹರಳು, 1 ಕೋಟಿ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ನೆಟ್ಟರೆ ಡೀಸೆಲ್‌ನಲ್ಲಿ ಶೇ. 20 ಬೆರೆಸಬಹುದು ಅನ್ನೋ ಲೆಕ್ಕ. ಪಾಳು ನೆಲ ಸಾಕು, ನೀರು ಬೇಡ, ಆಡು ಮುಟ್ಟಲ್ಲ. ಕೇಳೋಕೆ ಚೆಂದ. ನೆಟ್ಟ ಮೇಲೆ ಗೊತ್ತಾಗಿದ್ದು ಬೇರೆ. ನೀರು ಗೊಬ್ಬರ ಇಲ್ಲದಿದ್ರೆ ಗಿಡ ಸಾಯಲ್ಲ ನಿಜ, ಕಾಯಿಯೂ ಬಿಡಲ್ಲ. ಕಾಯಿ ಒಟ್ಟಿಗೆ ಹಣ್ಣಾಗಲ್ಲ, ಮತ್ತೆ ಮತ್ತೆ ಹೋಗಿ ಕೈಯಲ್ಲೇ ಕೀಳಬೇಕು. ಇನ್ನು "ಪಾಳು" ಅಂತ ಕಾಗದದಲ್ಲಿ ಬರೆದ ಜಾಗ ಊರಿನ ದನಕ್ಕೆ ಗೋಮಾಳ ಆಗಿತ್ತು.

2005ರಲ್ಲಿ ತೈಲ ಕಂಪನಿಗಳು ಬಯೋಡೀಸೆಲ್ ಕೊಳ್ಳೋ ನೀತಿ ಬಂತು. ದರ ಲೀಟರಿಗೆ 25 ರೂಪಾಯಿ, ಆಮೇಲೆ 26.50. ಮಾಡೋ ಖರ್ಚೇ ಅದಕ್ಕಿಂತ ಹೆಚ್ಚು ಇತ್ತು. ಕೊಳ್ಳೋಕೆ ಕೇಂದ್ರ ತೆರೆದರು, ಮಾರೋಕೆ ಬಂದೋರು ಇಲ್ಲದ ಹಾಗೇ. 2009ರ ರಾಷ್ಟ್ರೀಯ ನೀತಿಯಲ್ಲಿ 2017ಕ್ಕೆ ಶೇ. 20 ಅಂತ ಗುರಿ ಬರೆದರು. 2018ರ ನೀತಿಯಲ್ಲಿ ಅದು 2030ಕ್ಕೆ ಶೇ. 5 ಆಯ್ತು.

ಕರ್ನಾಟಕ ಬೇರೆ ದಾರಿ ಹಿಡೀತು. ಇದನ್ನ ನಾವು ಹೆಮ್ಮೆಯಿಂದ ಹೇಳಬಹುದು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಶುರು ಮಾಡಿತು. ಪ್ರೊ. ಬಾಲಕೃಷ್ಣ ಗೌಡ ಅದರ ಹಿಂದಿದ್ದವರು. ಹೊಲ ಮುಟ್ಟಬೇಡಿ, ಬದುವಿನಲ್ಲಿ, ಬೇಲಿಯಲ್ಲಿ, ಹಿತ್ತಿಲಲ್ಲಿ ನೆಡಿ ಅನ್ನೋದು ಮೊದಲ ಮಾತು. ಒಂದೇ ಜಾತಿ ಬೇಡ, ಹೊಂಗೆ, ಬೇವು, ಹಿಪ್ಪೆ, ಸುರಹೊನ್ನೆ, ಸಿಮರೂಬಾ ಎಲ್ಲಾ ಇರಲಿ, ಆಗ ಬೇರೆ ಬೇರೆ ತಿಂಗಳಲ್ಲಿ ಬೀಜ ಸಿಗುತ್ತೆ ಅನ್ನೋದು ಎರಡನೇ ಮಾತು. ಊರಿಗೊಂದು ಬೆಳೆಗಾರರ ಸಂಘ ಕಟ್ಟೋದು ಮೂರನೇದು. 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದಿತು. ವೈ.ಬಿ. ರಾಮಕೃಷ್ಣ ಅವರ ಮುಂದಾಳತ್ವದಲ್ಲಿ ಮಂಡಳಿ ಕೆಲಸ ಮಾಡಿತು. ಹಸಿರು ಹೊನ್ನು, ಬರಡು ಬಂಗಾರ ಅಂತ ಕಾರ್ಯಕ್ರಮ ಬಂದವು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನಂಥ ಕಡೆ ಪ್ರಾತ್ಯಕ್ಷಿಕೆ ಕೇಂದ್ರ ತೆರೆದವು. ನಮ್ಮ ಕಾಲದ ಕಾಲೇಜು ಪ್ರಾಜೆಕ್ಟುಗಳ ಸುಗ್ಗಿಗೆ ಇದೂ ಕಾರಣ.

ಯೋಚಿಸಿ ನೋಡಿದ್ರೆ ಹಾಸನದ ಮಾದರಿ ನಮ್ಮ ಹಾಲಿನ ಡೈರಿ ಮಾದರಿ. ಊರಿಗೊಂದು ಸಂಘ, ಸಂಘದಲ್ಲಿ ಅಳತೆ, ಅಳತೆಗೆ ದುಡ್ಡು. ಆದರೆ ಒಂದು ವ್ಯತ್ಯಾಸ ಇತ್ತು. ಹಾಲು ದಿನಕ್ಕೆ ಎರಡು ಸಲ ಬರುತ್ತೆ. ಡೈರಿ ಕಾರ್ಯದರ್ಶಿಗೆ ದಿನಾ ಕೆಲಸ, ಹಾಲಿನ ವ್ಯಾನಿಗೆ ದಿನಾ ಓಡಾಟ, ಹಾಕಿದೋರಿಗೆ ತಪ್ಪದೆ ಬಟವಾಡೆ. ಹೊಂಗೆ ಬೀಜ ವರ್ಷಕ್ಕೊಂದು ಸಲ. ಒಂದು ಲೀಟರ್ ಎಣ್ಣೆಗೆ ಗಾಣದಲ್ಲಿ ಸುಮಾರು 4 ಕೆ.ಜಿ. ಬೀಜ ಬೇಕು. ಕಾಯಿ ಆರಿಸಿ, ಒಡೆದು, ಒಣಗಿಸಿ ಅಷ್ಟು ಬೀಜ ಕೂಡಿಸೋ ಹೊತ್ತಿನಲ್ಲಿ ಕೂಲಿಗೆ ಹೋದ್ರೆ ಹೆಚ್ಚು ಸಿಗುತ್ತೆ ಅನ್ನೋದು ಆರಿಸೋ ಹೆಂಗಸಿಗೆ ಚೆನ್ನಾಗಿ ಗೊತ್ತು. ವರ್ಷದಲ್ಲಿ ಒಂದೆರಡು ತಿಂಗಳಿಗೆ ಬೇಕಾಗೋ ವ್ಯಾನು, ಗೋದಾಮು, ಗಾಣವನ್ನ ಉಳಿದ ಹತ್ತು ತಿಂಗಳು ಸಾಕೋರು ಯಾರು?

ನಡುವೆ ಒಂದು ಅವಕಾಶ ಬಂದಿತ್ತು. 2013ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಸಗಟಾಗಿ ಡೀಸೆಲ್ ಕೊಳ್ಳೋರಿಗೆ ಸಬ್ಸಿಡಿ ಇಲ್ಲ ಅಂತು. ಸಾರಿಗೆ ನಿಗಮಗಳಿಗೆ ಲೀಟರಿಗೆ 10 ರೂಪಾಯಿ ಆಸುಪಾಸು ಹೆಚ್ಚು ಬಿತ್ತು. ಡಿಪೋ ಬಿಟ್ಟು ರಸ್ತೆ ಬದಿ ಬಂಕಿನಲ್ಲಿ ಬಸ್ಸುಗಳು ಸಾಲು ನಿಂತಿದ್ದು ಕೆಲವರಿಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಬಯೋಡೀಸೆಲ್ ಲೆಕ್ಕಕ್ಕೆ ಬಂತು. ಕೆಎಸ್‌ಆರ್‌ಟಿಸಿ ಆ ದಶಕದಲ್ಲಿ ಕೆಲ ಡಿಪೋಗಳಲ್ಲಿ ಬೆರೆಸಿ ಓಡಿಸಿತು ಕೂಡ. ಆದರೆ 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ಇದ್ದ ಕಚ್ಚಾ ತೈಲ 2015ರ ಜನವರಿಗೆ 50ಕ್ಕಿಂತ ಕೆಳಗಿಳೀತು. ಬೀಜ ಆರಿಸೋ ಕೂಲಿ ಹಾಗೆ ಇಳಿಯಲ್ಲ ನೋಡಿ.

ಪಕ್ಕದಲ್ಲೇ ಎಥನಾಲ್ ಕತೆ ಇಟ್ಟು ನೋಡಿ. ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಅನ್ನೋ ಗುರಿ 2025ರಲ್ಲಿ ಮುಟ್ಟಿದ್ದಾರೆ. ಎಥನಾಲ್ ರಸಾಯನಶಾಸ್ತ್ರ ಸುಲಭ ಅಂತಲ್ಲ. ಸರ್ಕಾರ ದರ ಕಟ್ಟಿಕೊಟ್ಟಿದ್ದು ಒಂದು ಕಾರಣ. ಇನ್ನೊಂದು, ಬೆಳಗಾವಿ, ಬಾಗಲಕೋಟೆ, ಕೊಲ್ಹಾಪುರದಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕೂಡಿಸೋ ಜಾಲ ಹತ್ತಾರು ವರ್ಷದಿಂದ ಇತ್ತು. ಯಾವ ಊರಿನ ಯಾವ ಗದ್ದೆ ಯಾವಾಗ ಕಡಿಯೋದು, ಟ್ರ್ಯಾಕ್ಟರ್ ಯಾವ ತೂಕದ ಕಾಟಾಗೆ ಬರೋದು, ಎಲ್ಲಾ ಮೊದಲೇ ಇತ್ತು. ಡಿಸ್ಟಿಲರಿ ಸೇರಿಸಿದ್ದಷ್ಟೇ ಹೊಸದು. ಬಯೋಡೀಸೆಲ್‌ಗೆ ರಿಯಾಕ್ಟರ್ ಮೊದಲು ಬಂತು, ಜಾಲ ಬರಲೇ ಇಲ್ಲ.

ಕರಿದ ಎಣ್ಣೆ: ಇನ್ನೊಂದು ಬಾಗಿಲು

ಹಾಗಾದ್ರೆ ವರ್ಷಪೂರ್ತಿ, ದಿನಾ ಸಿಗೋ ಎಣ್ಣೆ ಯಾವುದು? ಮಿಲ್ಲಿನ ಆಸಿಡ್ ಆಯಿಲ್ ಒಂದು. ಎಣ್ಣೆ ಶುದ್ಧ ಮಾಡುವಾಗ ಕಾಸ್ಟಿಕ್‌ನಿಂದ ತೊಳೆದು ತೆಗೆದ ಸಾಬೂನಿನಂಥ ಕೆಸರಿಗೆ ಆಸಿಡ್ ಹಾಕಿದಾಗ ಬರೋ ಕಂದು ಎಣ್ಣೆ ಅದು. ಇನ್ನೊಂದು ಹೋಟೆಲ್ಲಿನ ಕರಿದ ಎಣ್ಣೆ. ಕರಿದ ಎಣ್ಣೆಯಲ್ಲಿ ಊರು ನಡೆಸಬಹುದು ಅನ್ನೋದಕ್ಕೆ ಆಸ್ಟ್ರಿಯಾದ ಗ್ರಾಟ್ಸ್ ಸಾಕ್ಷಿ. 1994ರಿಂದ ಅಲ್ಲಿನ ಸಿಟಿ ಬಸ್ಸುಗಳಿಗೆ ಹೋಟೆಲ್ಲು, ಮನೆಗಳಿಂದ ಕೂಡಿಸಿದ ಎಣ್ಣೆಯ ಬಯೋಡೀಸೆಲ್ ಹಾಕೋಕೆ ಶುರು ಮಾಡಿದರು. ಊರಿನ ವಿಶ್ವವಿದ್ಯಾಲಯದ ಮಾರ್ಟಿನ್ ಮಿಟ್ಟೆಲ್‌ಬಾಖ್ ರಸಾಯನಶಾಸ್ತ್ರ ನೋಡಿಕೊಂಡರು, ಎಣ್ಣೆ ಕೂಡಿಸೋ ಏರ್ಪಾಡು ಊರು ನೋಡಿಕೊಂಡಿತು. ಎರಡೂ ಒಟ್ಟಿಗೆ ಬಂದದ್ದರಿಂದ ಬಸ್ಸು ಓಡಿತು.

ನಮ್ಮಲ್ಲಿ ಕರಿದ ಎಣ್ಣೆ ಎಸೆಯಲ್ಲ. ಇದನ್ನ ಅರ್ಥ ಮಾಡಿಕೊಳ್ಳದೆ ಯಾವ ಲೆಕ್ಕವೂ ನಿಲ್ಲಲ್ಲ. ದೊಡ್ಡ ಅಡುಗೆಮನೆಯ ಎಣ್ಣೆ ಕಪ್ಪಾದ ಮೇಲೆ ಕಡಿಮೆ ದರಕ್ಕೆ ಕೈ ಬದಲಾಗುತ್ತೆ, ಸಣ್ಣ ಗಾಡಿಗೆ ಬರುತ್ತೆ, ಅಲ್ಲಿ ಇನ್ನೊಂದು ವಾರ ಕುದಿಯುತ್ತೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹೃದಯಕ್ಕೂ ಯಕೃತ್ತಿಗೂ ಒಳ್ಳೇದಲ್ಲದ ವಸ್ತುಗಳು ಹೆಚ್ಚುತ್ತಾ ಹೋಗುತ್ತವೆ. ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ಒಂದು ಮಿತಿ ಜಾರಿಗೆ ತಂತು. ಎಣ್ಣೆಯಲ್ಲಿ ಕೆಟ್ಟ ಧ್ರುವೀಯ ವಸ್ತುಗಳ ಒಟ್ಟು ಪ್ರಮಾಣ ಶೇ. 25 ದಾಟಿದರೆ ಅಡುಗೆಗೆ ಬಳಸೋ ಹಾಗಿಲ್ಲ. ಅದೇ ವರ್ಷ ಆಗಸ್ಟ್ 10ರಂದು, ಬಳಸಿದ ಎಣ್ಣೆಯನ್ನ ಬಯೋಡೀಸೆಲ್‌ಗೆ ತಿರುಗಿಸೋ 'ರೂಕೋ' ಕಾರ್ಯಕ್ರಮ ಬಂತು. ಹಿಂದಿಯಲ್ಲಿ ಆ ಹೆಸರಿಗೆ "ನಿಲ್ಲಿಸಿ" ಅನ್ನೋ ಅರ್ಥವೂ ಬರುತ್ತೆ. 2019ರ ಮಾರ್ಚ್‌ನಿಂದ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯೋರು ಲೆಕ್ಕ ಇಡಬೇಕು ಅಂತ ಆಯ್ತು. ಆ ಆಗಸ್ಟ್‌ನಲ್ಲಿ ತೈಲ ಕಂಪನಿಗಳು 100 ಊರುಗಳಲ್ಲಿ ಇಂಥ ಬಯೋಡೀಸೆಲ್ ಕೊಳ್ತೀವಿ, ಮೊದಲ ವರ್ಷ ಲೀಟರಿಗೆ 51 ರೂಪಾಯಿ, ಮೂರನೇ ವರ್ಷಕ್ಕೆ 54.50 ಕೊಡ್ತೀವಿ ಅಂದವು. ಸಗಟು ಬಳಕೆದಾರರಿಂದಲೇ ವರ್ಷಕ್ಕೆ 140 ಕೋಟಿ ಲೀಟರ್ ಬಳಸಿದ ಎಣ್ಣೆ ಕೂಡಿಸಬಹುದು, ಅದರಿಂದ 110 ಕೋಟಿ ಲೀಟರ್ ಬಯೋಡೀಸೆಲ್ ಆಗುತ್ತೆ ಅನ್ನೋದು ಆಗಿನ ಸರ್ಕಾರಿ ಅಂದಾಜು.

ಈಗ ಗಾಡಿಯವನ ಕಡೆಯಿಂದ ನೋಡಿ. ಅವನಿಗೆ ಹೊಸ ಎಣ್ಣೆ ದುಬಾರಿಯಾದಷ್ಟೂ ಹಳೇ ಎಣ್ಣೆ ಮೇಲೆ ಆಸೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ನಿಂತಿತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಕೆಲ ವಾರ ತಾಳೆ ಎಣ್ಣೆ ರಫ್ತನ್ನೇ ತಡೀತು. ನಮ್ಮ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರೋದು. ಅಂಥ ಹೊತ್ತಲ್ಲಿ ಕಪ್ಪು ಎಣ್ಣೆಗೂ ಬೆಲೆ ಏರುತ್ತೆ. ಬಯೋಡೀಸೆಲ್ ಘಟಕ ಪೈಪೋಟಿ ಮಾಡ್ತಿರೋದು ಅರಬ್ಬರ ತೈಲದ ಜೊತೆ ಮಾತ್ರ ಅಲ್ಲ, ಮೂಲೆ ಪಕೋಡ ಬಾಣಲೆ ಜೊತೆಗೂ. ಈ ಪೈಪೋಟಿಯಲ್ಲಿ ಘಟಕ ಸೋತರೆ ಆ ಎಣ್ಣೆ ಹೋಗೋದು ನಮ್ಮ ಹೊಟ್ಟೆಗೆ. ಬೆಳಗ್ಗೆ ತರ್ರಿ ಪೋಹಾ ತಿನ್ನೋ ನಾನೂ ಆ ಸಾಲಲ್ಲಿದ್ದೀನಿ.

ಇನ್ನೊಂದು ಪೈಪೋಟಿ ಈಗ ಬರ್ತಿದೆ. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಸ್ಪೈಸ್‌ಜೆಟ್ ವಿಮಾನವೊಂದು ಜಟ್ರೋಫಾ ಎಣ್ಣೆಯ ಇಂಧನ ಬೆರೆಸಿಕೊಂಡು ಹಾರಿತು. ಇಂಧನ ಮಾಡಿದ್ದು ಅಲ್ಲಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. ಈಗ ಅಂತಾರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇ. 1, 2028ರಲ್ಲಿ ಶೇ. 2 ಹಸಿರು ಇಂಧನ ಅನ್ನೋ ಗುರಿ ಇದೆ. ಅದಕ್ಕೂ ಕಣ್ಣು ಬಿದ್ದಿರೋದು ಕರಿದ ಎಣ್ಣೆ ಮೇಲೇ. ಯುರೋಪಿನಲ್ಲಂತೂ ಬಳಸಿದ ಎಣ್ಣೆಗೆ ಎಷ್ಟು ಬೇಡಿಕೆ ಅಂದ್ರೆ, ಹೊಸ ತಾಳೆ ಎಣ್ಣೆಯನ್ನೇ "ಬಳಸಿದ್ದು" ಅಂತ ಹೇಳಿ ಮಾರ್ತಿದ್ದಾರೆ ಅನ್ನೋ ಅನುಮಾನದಲ್ಲಿ ತನಿಖೆ ನಡೆದಿದೆ. ಕಸಕ್ಕೆ ಬೆಲೆ ಬಂದರೆ ಕಸವನ್ನೂ ನಕಲಿ ಮಾಡ್ತಾರೆ. ಹಾಗಾಗಿ ಕೂಡಿಸೋದು ಅಂದ್ರೆ ಬರೀ ವ್ಯಾನು ಓಡಿಸೋದಲ್ಲ. ಯಾವ ಡಬ್ಬಿ ಯಾವ ಬಾಣಲೆಯಿಂದ ಬಂತು ಅಂತ ನಂಬೋ ಹಾಗೆ ಬರೆದಿಡೋದೂ ಅದರೊಳಗೇ ಬರುತ್ತೆ.

ನಮ್ಮ ಪಾಲು

ಗೆಳೆಯನ ಪ್ರಶ್ನೆಗೆ ಈಗ ನನ್ನ ಉತ್ತರ. ಹೊಂಗೆ ಸೋಲಲಿಲ್ಲ. ಇಂಜಿನ್ನೂ ಸೋಲಲಿಲ್ಲ. ಬೀಜ ಆರಿಸೋ ಹೆಂಗಸಿಗೆ, ಹಳೇ ಎಣ್ಣೆ ಮಾರೋ ಅಡುಗೆಯವನಿಗೆ ಸರಿಯಾದ ದುಡ್ಡು ಸರಿಯಾದ ಹೊತ್ತಿಗೆ ತಲುಪಿಸೋ ಜಾಲವನ್ನ ನಾವು ಕಟ್ಟಲಿಲ್ಲ. 1900ರಲ್ಲಿ ಪ್ಯಾರಿಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಕರ್ನಾಟಕ ಹಾಸನದಲ್ಲಿ ಅರ್ಧ ಉತ್ತರ ಬರೀತು. ಉಳಿದ ಅರ್ಧ ಬರೆಯೋಕೆ ಕೆಮಿಸ್ಟ್‌ಗಳಿಗಿಂತ ಹೆಚ್ಚಾಗಿ ಲೆಕ್ಕ, ದಾರಿ, ನಂಬಿಕೆ ಜೋಡಿಸಬಲ್ಲೋರು ಬೇಕು. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಮುಟ್ಟಿಸೋ ಆಪ್ ಬರೆದಿರೋದು ನಮ್ಮಂಥೋರೇ. ಮನೆ ಬಾಗಿಲಿಂದ ವಾಪಸ್ ತರೋ ದಾರಿ ಯಾಕೆ ಬರೀಬಾರದು?

ಅಷ್ಟು ದೊಡ್ಡದು ಬೇಡ ಅಂದ್ರೆ ಚಿಕ್ಕದರಿಂದ ಶುರು ಮಾಡಿ. ಪುಣೆ, ಹೈದರಾಬಾದ್, ಬೆಂಗಳೂರು, ಎಲ್ಲೇ ಇರಲಿ, 300 ಮನೆಯ ಅಪಾರ್ಟ್‌ಮೆಂಟ್ ಅಂದ್ರೆ ದೀಪಾವಳಿ ವಾರದಲ್ಲಿ ಚಕ್ಕುಲಿ, ಕಜ್ಜಾಯದ ಎಣ್ಣೆ ಎಷ್ಟು ಉಳಿಯುತ್ತೆ ಅಂತ ಯೋಚಿಸಿ. ಅದನ್ನ ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತೆ. ತಣಿಸಿ, ಸೋಸಿ, ನೀರು ಸೇರದ ಹಾಗೆ ಮುಚ್ಚಳ ಹಾಕಿದ ಒಂದು ಕ್ಯಾನಿಗೆ ಹಾಕಿ, ಬೇಸ್‌ಮೆಂಟಿನಲ್ಲಿಡಿ. ಕ್ಯಾನು ತುಂಬಿದ ಮೇಲೆ ಕೊಳ್ಳೋಕೆ ಬಂದೋರನ್ನ ಎರಡು ಮಾತು ಕೇಳಿ: ನಿಮ್ಮ ನೋಂದಣಿ ಎಲ್ಲಿ? ಇದನ್ನ ಯಾವ ಘಟಕಕ್ಕೆ ಕೊಡ್ತೀರಿ? ನಿಮ್ಮ ಆಫೀಸ್ ಕ್ಯಾಂಟೀನಿನವರನ್ನೂ ಅದೇ ಎರಡು ಮಾತು ಕೇಳಿ. ಉತ್ತರ ಕೊಡೋಕೆ ಅವರು ತಡವರಿಸಿದ್ರೆ, ನಿಮ್ಮ ಎಣ್ಣೆ ನಾಳೆ ಯಾವ ಬಾಣಲೆಯಲ್ಲಿರುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅಂತ ನಮ್ಮಲ್ಲಿ ಗಾದೆ ಇದೆ. ಹೊಂಗೆ ಎಣ್ಣೆ ಬಂದಾಗ ಒಮ್ಮೆ ಮುಚ್ಚಿಕೊಂಡ್ವಿ. ಈ ಸಲದ ಎಣ್ಣೆ ನಮ್ಮ ಅಡುಗೆಮನೆಯಿಂದಲೇ ಬರ್ತಿದೆ.